ಅರವತ್ತೆರಡು ಕೊಳವೆಗಳು

1996ರ ವಿಜಯದಶಮಿಯ ಮರುದಿನ, ಬೆಳಿಗ್ಗೆ ಎಂಟೂ ಹತ್ತು. ಜಯನಗರದ ಪ್ರಯೋಗಾಲಯವೊಂದರ ಡೀಪ್ ಫ್ರೀಜರಿನಲ್ಲಿದ್ದ ಅರವತ್ತೆರಡು ಕೊಳವೆಗಳು ಕರಗಿ, ಮತ್ತೆ ಗಟ್ಟಿಯಾಗಿದ್ದವು. ಚೀಟಿಗಳ ಶಾಯಿ ಹರಡಿತ್ತು.

ಒಂಬತ್ತಕ್ಕೆ ಸಿದ್ದಾರೂಢ ಅಮ್ಮಣ್ಣಿಯವರ ಹಿಂದೆ ಅಲ್ಲಿಯ ಮೆಟ್ಟಿಲು ಹತ್ತಿದ. ಆಸ್ಪತ್ರೆಯ ಔಷಧ ವಿಭಾಗದಿಂದ ನಿವೃತ್ತರಾದ ಅಮ್ಮಣ್ಣಿ ಈವರೆಗೆ ಹನ್ನೊಂದು ಪತ್ತೇದಾರಿ ಕೇಸು ಬಿಡಿಸಿದ್ದರು. ಅವರ ಬಾಡಿಗೆದಾರನಾದ ಅವನು ಹನ್ನೊಂದಕ್ಕೂ ಸ್ಕೂಟರ್ ಓಡಿಸಿದ್ದ. ಈ ಸಲ ಆರೋಪ ಬಿದ್ದಿದ್ದು ಅವನ ಊರಿನ ಪಾರವ್ವನ ಮೇಲೆ. ಆಕೆಗೆ ಇಲ್ಲಿ ಆಯಾ ಕೆಲಸ ಕೊಡಿಸಿದವನು ಅವನೇ.

"ಅಂಡಾಶಯದಿಂದ ತೆಗೆದ ದ್ರವ ಮೇಡಂ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ ಡಾ. ವಿಜಯಲಕ್ಷ್ಮಿ. "ಅರ್ಧ ಆರೋಗ್ಯವಾಗಿರೋರದ್ದು, ಅರ್ಧ ಪಾಲಿಸಿಸ್ಟಿಕ್, ಅಂದ್ರೆ ಅಂಡಾಶಯದಲ್ಲಿ ಗುಳ್ಳೆಗಳ ತೊಂದರೆ ಇರೋರದ್ದು. ಅದರಲ್ಲಿ ದೇಹವೇ ತಯಾರಿಸೋ, ಅಫೀಮಿನಂಥ ಪೆಪ್ಟೈಡ್ ಅನ್ನೋ ಪ್ರೋಟೀನ್ ತುಣುಕು ಇರುತ್ತೆ. ಯಾರಲ್ಲಿ ಎಷ್ಟಿದೆ ಅಂತ ಅಳೀಬೇಕಿತ್ತು. ಕರಗಿದ್ರೆ ಅದು ಒಡೆದುಹೋಗುತ್ತೆ. ಎರಡು ವರ್ಷದ ಕೆಲಸ. ಪೂಜೆ ದಿನ ನಾನು ಮೈಸೂರಲ್ಲಿದ್ದೆ."

"ಪಾರವ್ವಂದೇ ಕೆಲಸ," ಎಂದ ಟೆಕ್ನಿಷಿಯನ್ ದೀಪಕ್. "ಆಯುಧಪೂಜೆ ಶುರುವಿಂದ ನಾನು ಹೊರಡೋವರೆಗೂ ಫ್ರೀಜರ್ ಓಡ್ತಾನೇ ಇತ್ತು. ಲ್ಯಾಬಿನ ಇನ್ನೊಂದು ಕೀ ಇರೋದು ಅವಳ ಹತ್ರ. ಆಮೇಲೆ ಒರಸೋಕೆ ಬಂದು ಪ್ಲಗ್ ಕಿತ್ತಿರ್ತಾಳೆ."

"ಒರಸೂದು ಪೂಜಿಗಿಂತ ಮೊದಲ ಮುಗಿಸಿದ್ನ್ರೀ," ಎಂದಳು ಪಾರವ್ವ. ಹಣೆಯಲ್ಲಿ ವಿಭೂತಿ ಮಾತ್ರ ಇತ್ತು. "ಗಂಡ ಹ್ವಾದ ಮ್ಯಾಲ ನಾ ಕುಂಕುಮ ಮುಟ್ಟಂಗಿಲ್ಲ. ಬಾಗಲದಾಗ ನಿಂತಿದ್ದೆ."

ಅಮ್ಮಣ್ಣಿ ಫ್ರೀಜರಿನ ಪ್ಲಗ್ ಕಿತ್ತು ನೋಡಿ, ಮತ್ತೆ ಸಿಕ್ಕಿಸಿದರು. "ಕುಂಕುಮ ಇಟ್ಟಿದ್ದು ಯಾರು?"

"ಈ ವರ್ಷ ನಾನೇ," ಎಂದ ದೀಪಕ್.

"ಎಲ್ಲರೂ ಕೂತ್ಕೊಳ್ಳಿ." ಅವರ ದನಿಯಲ್ಲಿ ಗೆಲುವಿರಲಿಲ್ಲ. "ಪ್ಲಗ್ಗಿನ ಪಿನ್ನುಗಳ ನಡುವೆ ಇನ್ನೂ ಮಾಸದ ಕುಂಕುಮದ ಬೊಟ್ಟಿದೆ. ಸಿಕ್ಕಿಸಿದ ಪ್ಲಗ್ಗಿನ ಆ ಮುಖಕ್ಕೆ ಯಾರ ಬೆರಳೂ ಹೋಗಲ್ಲ. ಅಂದ್ರೆ ಬೊಟ್ಟಿಟ್ಟಾಗ ಅದು ಹೊರಗಿತ್ತು, ಫ್ರೀಜರ್ ನಿಂತಿತ್ತು. ಪಾರವ್ವ ಕುಂಕುಮ ಮುಟ್ಟಲ್ಲ. ಓಡ್ತಿತ್ತು ಅಂತ ಯಾಕಪ್ಪಾ ಸುಳ್ಳು ಹೇಳ್ದೆ?"

ದೀಪಕ್ ಜೇಬಿನಿಂದ ಲ್ಯಾಬಿನ ಕೀ ತೆಗೆದು ಮೇಜಿನ ಮೇಲಿಟ್ಟ.

"ಕೋಣನಕುಂಟೇಲಿ ನಮ್ಮಪ್ಪನ ಗ್ಯಾರೇಜಲ್ಲಿ ಆವತ್ತು ಮೆಷಿನ್‌ಗೆಲ್ಲಾ ರೆಸ್ಟು ಮೇಡಂ. ಪ್ಲಗ್ ಕಿತ್ತು, ಸಾಲಾಗಿಟ್ಟು ಬೊಟ್ಟಿಡ್ತೀವಿ. ಅದೇ ಅಭ್ಯಾಸದಲ್ಲಿ ಇದನ್ನೂ ಕಿತ್ತೆ. ಮಾರನೇ ದಿನ ಸಾಯಂಕಾಲ ನೆನಪಾಯ್ತು. ಓಡಿಬಂದು ಸಿಕ್ಕಿಸಿದೆ."

"ಫೋನ್ ಮಾಡಿದ್ರೆ ಬೈದು ಸುಮ್ನಾಗ್ತಿದ್ದೆ," ಎಂದರು ಡಾಕ್ಟರ್. "ಅವಳ ಮೇಲೆ ಹಾಕಿದ್ಯಲ್ಲೋ."

ಸಿದ್ದಾರೂಢ ಪಾರವ್ವನಿಗೆ ಒಂದು ಲೋಟ ನೀರು ತಂದುಕೊಟ್ಟ.

ದೀಪಕ್ ಅಂದೇ ಕೆಲಸ ಬಿಟ್ಟ. ಮುಂದಿನ ಸೋಮವಾರ ಡಾ. ವಿಜಯಲಕ್ಷ್ಮಿ ಹೊಸ ಕೊಳವೆಯೊಂದರ ಮೇಲೆ 'ಒಂದು' ಎಂದು ಬರೆದರು. ಅಂದು ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದವಳು ಪಾರವ್ವ.