ಮೂರನೇ ಗೋಷ್ಠಿಯ ಪಾಯಿಂಟ್

"ಸರ್, ನನ್ನ ಕೆಲಸ ಹೋಯ್ತು!"

ಸುಗಂಧಿ ತನ್ನ ಫೋನನ್ನು ನರಹರಿಯ ಮೂಗಿಗೇ ಹಿಡಿದಳು. ಸಮ್ಮೇಳನದ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ. ಫೋಟೊದಲ್ಲಿ ಅವಳದೇ ಲ್ಯಾಪ್‌ಟಾಪ್, ಅದರ ಪರದೆಯ ಮೇಲೆ ಅವಳದೇ ಸ್ಲೈಡ್. ಸ್ಲೈಡಿನ ನೆತ್ತಿಯ ಮೇಲೆ ಕಕ್ಷಿದಾರ ಕಂಪನಿಯ ಹೆಸರು ದಪ್ಪಕ್ಷರದಲ್ಲಿ ರಾರಾಜಿಸುತ್ತಿತ್ತು. ಹಾಕಿದ ವೇಳೆ, 11.31. ಹಾಕಿದ ನಂಬರ್ ಯಾರದೋ. ಈಗ ಸ್ವಿಚ್ ಆಫ್.

ತೆರಿಗೆ ಸಲಹೆಗಾರರು ಕಕ್ಷಿದಾರನ ಹೆಸರನ್ನು ಊರಿಗೆಲ್ಲ ಸಾರಿದರೆ ಅಲ್ಲಿಗೆ ಮುಗಿಯಿತು. ಅದು ನರಹರಿಗೆ ಚೆನ್ನಾಗಿ ಗೊತ್ತು. ಸುಗಂಧಿಗೆ ತೆರಿಗೆ ಕಾನೂನು ಕಲಿಸಿದವರೇ ಅವರು.

"ನಮ್ಮ ಬಾಸ್ ಮೇಡಂ ಲಿಮ್ ಐದು ಗಂಟೆ ತನಕ ಟೈಮ್ ಕೊಟ್ಟಿದಾರೆ ಸರ್. ಯಾರು ಮಾಡಿದ್ದು ಅಂತ ತೋರಿಸ್ಬೇಕು, ಇಲ್ಲಾಂದ್ರೆ ಡಿಸ್ಮಿಸ್. ಕೆಲಸ ಹೋದ್ರೆ ನನ್ನ ವರ್ಕ್ ಪಾಸ್ ಕ್ಯಾನ್ಸಲ್. ಮಗಳು ಶ್ರೀಯಾನ ಸ್ಕೂಲ್ ಬಿಡಿಸಿ ದೇಶ ಬಿಡ್ಬೇಕು."

ನರಹರಿ ತಲೆ ಹಿಡಿದುಕೊಂಡರು. ಅದು ಬೆಳಿಗ್ಗೆಯಿಂದಲೇ ಕೆಟ್ಟು ಕೆರ ಹಿಡಿದಿತ್ತು. ಕೊರೊನಾ ಕಾಲದ ವಾರ್ಷಿಕ ಕಾರ್ಪೊರೇಟ್ ತೆರಿಗೆ ಸಮ್ಮೇಳನ. ಅರ್ಧ ಜನ ಕೌಲಾಲಂಪುರದ ಈ ಹೋಟೆಲಿನಲ್ಲಿ, ಅರ್ಧ ಜನ ಆನ್‌ಲೈನ್. ಅವರ ಕೊರಳಿಗೆ ಬಿದ್ದದ್ದು ಹಾಜರಿ ಪಾಯಿಂಟುಗಳ ಉಸ್ತುವಾರಿ. ವರ್ಷಕ್ಕೆ ಇಷ್ಟು ಪಾಯಿಂಟ್ ಆಗದಿದ್ದರೆ ಲೈಸೆನ್ಸ್ ನವೀಕರಣಕ್ಕೆ ಕೊಕ್ಕೆ. ಹಾಗಾಗಿ ಬೆಳಿಗ್ಗೆಯಿಂದ ಒಂದೇ ರಾಗ: "ಸರ್, ನನ್ನ ಪಾಯಿಂಟ್ ಬಂದಿಲ್ಲ!"

ಹೋಟೆಲಿನಲ್ಲಿದ್ದವರು ಪರದೆಯ ಮೇಲಿನ ಕೋಡ್ ಸ್ಕ್ಯಾನ್ ಮಾಡಬೇಕು. ಆನ್‌ಲೈನಿನವರಿಗೆ ಗೋಷ್ಠಿಯ ನಡುವೆ ಯಾವಾಗಲೋ ಒಂದು ಬಟನ್ ಬರುತ್ತದೆ. ಒಂದು ನಿಮಿಷದೊಳಗೆ ಒತ್ತಬೇಕು. ಹೋದ ವರ್ಷ ಈ ಮಹನೀಯರು ಕೋಡಿನ ಫೋಟೊ ತೆಗೆದು ಮನೆಯಲ್ಲಿದ್ದ ಗೆಳೆಯರಿಗೆಲ್ಲ ಹಂಚಿದ್ದರಿಂದ, ಈ ಸಲ ಕೋಡು ಅರ್ಧ ನಿಮಿಷಕ್ಕೊಮ್ಮೆ ಬದಲಾಗುತ್ತಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಭಾಷಣಕಾರರು ನಮಗೂ ಪಾಯಿಂಟ್ ತಪ್ಪುತ್ತದೆಂದು ಗೊಣಗಿದ್ದಕ್ಕೆ ಅವರ ಕೋಣೆಯಲ್ಲೂ ಒಂದು ಪುಟ್ಟ ಪರದೆ ಇಡಿಸಿದ್ದಾಯಿತು.

"ಹೆಸರಿರೋ ಸ್ಲೈಡ್ ತೆರೆದಿಟ್ಟು ಎಲ್ಲಿಗಮ್ಮಾ ಹೋಗಿದ್ದೆ?"

"ಅದನ್ನೇ ಅಳಿಸ್ತಾ ಇದ್ದೆ ಸರ್. ಹನ್ನೊಂದು ಇಪ್ಪತ್ತಕ್ಕೆ ಮೈಕ್ ಟೆಸ್ಟ್‌ಗೆ ಕರೆದ್ರು. ಭಾಷಣಕಾರರ ಕೋಣೆಯಲ್ಲಿ ಹಾಗೇ ಬಿಟ್ಟು ಓಡಿದೆ."

"ಕೋಣೆಯಲ್ಲಿ ಯಾರಿದ್ರು?"

"ಆಗ ಯಾರೂ ಇರ್ಲಿಲ್ಲ. ಅದಕ್ಕೆ ಮುಂಚೆ ಗೋಪಿನಾಥ ಸರ್ ಇದ್ರು."

ಕ್ಯಾಮೆರಾ ನೋಡಿದರೆ ಅದೂ ವ್ಯರ್ಥ. ಕಾರಿಡಾರಿನಲ್ಲಿ ಓಡಾಡಿದವರಿಗೆಲ್ಲ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಶೀಲ್ಡು. ಹೆತ್ತ ತಾಯಿಗೂ ಗುರುತು ಸಿಗುವಂತಿರಲಿಲ್ಲ.

ಇನ್ನೊಂದು ಸಂಸ್ಥೆಯ ಭಾಷಣಕಾರ ಗೋಪಿನಾಥ ಪ್ರಶ್ನೆ ಕೇಳುತ್ತಲೇ ಸಿಡಿದ.

"ಎಂಥ ಮಾರಾಯ್ರೆ, ನನ್ನ ಮೇಲೆ ಸಂಶಯವಾ? ಈ ಹೋಟೆಲಿನ ಚಾ ಕುಡೀಲಿಕ್ಕೆ ಆಗ್ತದಾ? ಪಕ್ಕದ ಮಾಮಕ್ ಚಾ ಅಂಗಡಿಗೆ ಹೋಗಿ ತಪಾವ್ ಮಾಡಿಸಿ, ಚೀಲಕ್ಕೆ ಕಟ್ಟಿಸಿಕೊಂಡು ಬಂದೆ."

"ಎಷ್ಟು ಹೊತ್ತಿಗೆ?"

"ಫೋನಲ್ಲೇ ದುಡ್ಡು ಕಟ್ಟಿದ್ದು. ನೋಡಿ, 11.26. ಕಟ್ಟಲಿಕ್ಕೆ ಇಷ್ಟುದ್ದ ಕ್ಯೂ, ಚಾ ಕೈಗೆ ಬರ್ಲಿಕ್ಕೆ ಮತ್ತೆ ಹತ್ತು ನಿಮಿಷ."

ಕುರ್ಚಿಯ ಬೆನ್ನಿಗೆ ಪ್ಲಾಸ್ಟಿಕ್ ಚೀಲದ ಚಹಾ ಸ್ಟ್ರಾ ಸಮೇತ ನೇತಾಡುತ್ತಿತ್ತು. ನರಹರಿ ನಿಟ್ಟುಸಿರಿಟ್ಟರು. ಇದ್ದ ಒಬ್ಬ ಆಸಾಮಿಯೂ ಕೈತಪ್ಪಿದ.

"ನಿನ್ನ ಆಫೀಸಲ್ಲಿ ಯಾರಿಗಾದರೂ ಹೊಟ್ಟೆಯುರಿ?"

ಸುಗಂಧಿ ತಡವರಿಸಿದಳು. "ಕೀರ್ತಿರಾಜ್... ಈ ಭಾಷಣ ಮೊದಲು ಅವರದ್ದಾಗಿತ್ತು. ಮೇಡಂ ನನಗೆ ಕೊಟ್ರು. ಆದ್ರೆ ಅವರು ಇಲ್ಲಿಗೆ ಬಂದೇ ಇಲ್ಲ ಸರ್, ಆನ್‌ಲೈನ್."

ಮೂರೂವರೆಗೆ ಕೀರ್ತಿರಾಜ್ ವಿಡಿಯೊದಲ್ಲಿ ಸಿಕ್ಕ. ಬೆನ್ನ ಹಿಂದೆ ಪುಸ್ತಕದ ಕಪಾಟು, ಮುಖದ ತುಂಬ ಮರುಕ.

"ಛೇ, ಪಾಪ ಸುಗಂಧಿ! ನಾನು ಹೋಟೆಲಿಂದ ಮುಕ್ಕಾಲು ಗಂಟೆ ದಾರಿ, ಸೈಬರ್‌ಜಯಾದಲ್ಲಿ ಸರ್. ಬೆಳಿಗ್ಗೆಯಿಂದ ಮನೆ ಬಿಟ್ಟಿಲ್ಲ. ಅಂದ ಹಾಗೆ, ಮೂರನೇ ಗೋಷ್ಠಿ ಪಾಯಿಂಟ್ ಒಂದು ಬಂದಿಲ್ಲ. ಮೇಲ್ ಹಾಕಿದೀನಿ, ಸ್ವಲ್ಪ ನೋಡಿ ಲಾ," ಎಂದು ಮಲೇಷ್ಯಾದ ಧಾಟಿಯಲ್ಲಿ ರಾಗ ಎಳೆದ.

"ಅವಳ ಅನ್ನ ಹೋಗ್ತಾ ಇದೆ, ನಿಮಗೆ ಪಾಯಿಂಟಾ!" ನರಹರಿ ಕರೆ ಕತ್ತರಿಸಿದರು.

ನಾಲ್ಕೂವರೆ. ಸುಗಂಧಿಯ ಭಾಷಣವನ್ನು ಆಗಲೇ ಕಾರ್ಯಕ್ರಮದಿಂದ ಕಿತ್ತುಹಾಕಿದ್ದರು. ಅವಳು ಮೂಲೆಯಲ್ಲಿ ಕೂತು ಮಗಳನ್ನು ಊಟ ಮಾಡಿದೆಯಾ ಎಂದು ಫೋನಿನಲ್ಲಿ ಕೇಳುತ್ತಿದ್ದಳು. ಪಾಠ ಹೇಳಿದ ಹುಡುಗಿಗೆ ಒಂದು ಸಹಾಯ ಮಾಡಲಾಗುತ್ತಿಲ್ಲವಲ್ಲ! ಬೇರೇನೂ ತೋಚದೆ ನರಹರಿ, ಪೀಡೆ ತೊಲಗಲೆಂದು ಕೀರ್ತಿರಾಜನ ದೂರನ್ನೇ ತೆರೆದರು. ಪಾಯಿಂಟ್ ಏಕೆ ಬಂದಿಲ್ಲ? ಯಂತ್ರ ತಿರಸ್ಕರಿಸಿದ ಹಾಜರಿಗಳ ಪಟ್ಟಿಯನ್ನು ಕೆಳಗೆಳೆದರು.

ಕೈ ಅಲ್ಲೇ ನಿಂತಿತು.

ಐದಕ್ಕೆ ಐದು ನಿಮಿಷವಿರುವಾಗ ಮೇಡಂ ಲಿಮ್ ಮತ್ತು ಕೀರ್ತಿರಾಜ್ ಇಬ್ಬರೂ ವಿಡಿಯೊದಲ್ಲಿದ್ದರು. ಮೇಡಮ್ಮಿಗೆ ತಿಳಿಯಲೆಂದು ಸುಗಂಧಿ ಪ್ರತಿ ಮಾತನ್ನೂ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

"ಕೀರ್ತಿರಾಜ್, ನಿಮ್ಮ ಪಾಯಿಂಟ್ ಯಾಕೆ ಬರ್ಲಿಲ್ಲ ಅಂತ ಸಿಕ್ತು," ನರಹರಿ ಶುರುಮಾಡಿದರು. "ನೀವು ಆನ್‌ಲೈನ್ ಹೆಸರು ಕೊಟ್ಟವರು. ಆದ್ರೆ ಹೋಟೆಲಿನ ಕೋಡ್ ಸ್ಕ್ಯಾನ್ ಮಾಡಿದೀರಿ. ಅದಕ್ಕೇ ಯಂತ್ರ ಒಪ್ಪಲಿಲ್ಲ."

"ಅದು... ಯಾರೋ ಫ್ರೆಂಡ್ ಫೋಟೊ ಕಳಿಸಿದ್ರು ಸರ್. ಎಲ್ರೂ ಮಾಡ್ತಾರೆ."

"ಹೋದ ವರ್ಷ ಮಾಡ್ತಿದ್ರು. ಈ ಸಲ ಅರ್ಧ ನಿಮಿಷಕ್ಕೆ ಕೋಡ್ ಸಾಯುತ್ತೆ. ಆಯ್ತು, ಕಳಿಸಿದ್ರು ಅಂತಲೇ ಇಟ್ಕೊಳ್ಳಿ. ಕಳಿಸಿದವರು ಯಾರು? ನೀವು ಸ್ಕ್ಯಾನ್ ಮಾಡಿದ್ದು ಭಾಷಣಕಾರರ ಕೋಣೆಯ ಪರದೆ — 11.25ಕ್ಕೆ. ಸುಗಂಧಿ ಮೈಕಿನ ಮುಂದೆ, ಗೋಪಿನಾಥ ಚಹಾದ ಕ್ಯೂನಲ್ಲಿ. ಆ ಕೋಣೆಯಲ್ಲಿ ಇನ್ಯಾರಿದ್ರು?"

ಕೀರ್ತಿರಾಜ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ.

"ಮೊದಲೆರಡು ಗೋಷ್ಠಿಗೆ ದಾರಿಯಲ್ಲೇ ಫೋನಲ್ಲಿ ಬಟನ್ ಒತ್ತಿದ್ರಿ. ಮನೆಯಲ್ಲೇ ಇದ್ದ ಹಾಗಾಯ್ತು. ಮೂರನೇ ಗೋಷ್ಠಿಯ ಬಟನ್ 11.23ಕ್ಕೆ ಬಂತು. ಆಗ ನಿಮ್ಮ ಫೋನು ಇವಳ ಸ್ಲೈಡಿನ ಫೋಟೊ ತೆಗೀತಾ ಇತ್ತು. ಬಟನ್ ಬಂದು ಹೋಗಿಬಿಡ್ತು! ಎದುರಿಗೇ ಪುಟ್ಟ ಪರದೆ. ಬಿಡೋಕೆ ಮನಸ್ಸಾಗ್ಲಿಲ್ಲ, ಅಲ್ವಾ?"

"ಸರ್, ನನಗೆ ವರ್ಷಕ್ಕೆ ಅದೊಂದೇ ಕಡಿಮೆ..." ಎಂದವನು ನಾಲಿಗೆ ಕಚ್ಚಿಕೊಂಡ. ಸುಗಂಧಿ ಅದನ್ನೂ ಇಂಗ್ಲಿಷಿಗೆ ದಾಟಿಸಿದಳು.

ಮೇಡಂ ಲಿಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸುಗಂಧಿ ಸೋಮವಾರ ಕೆಲಸಕ್ಕೆ ಬರಲಿ, ಲ್ಯಾಪ್‌ಟಾಪ್ ತೆರೆದಿಟ್ಟದ್ದಕ್ಕೆ ಎಚ್ಚರಿಕೆ ಪತ್ರ ತಪ್ಪದು, ಕೀರ್ತಿರಾಜ್ ಒಬ್ಬನೇ ಲೈನಿನಲ್ಲಿರಲಿ ಎಂದರು.

ಸುಗಂಧಿ ಈಗ ಬಾಯಿಬಿಟ್ಟೇ ಅತ್ತಳು. ಭಾಷಣ ಹೋಗಿತ್ತು, ಕಕ್ಷಿದಾರನ ಸಿಟ್ಟು ಇನ್ನೂ ಬಾಕಿಯಿತ್ತು. ಆದರೆ ಶ್ರೀಯಾ ಸೋಮವಾರ ಶಾಲೆಗೆ ಹೋಗುತ್ತಾಳೆ.

ನರಹರಿ ಕೀರ್ತಿರಾಜನ ಮೇಲಿಗೆ ಉತ್ತರ ಬರೆದರು. "ಪರಿಶೀಲಿಸಲಾಗಿದೆ. ಮೂರನೇ ಗೋಷ್ಠಿಯ ಹೊತ್ತಿಗೆ ತಾವು ಹೋಟೆಲಿನಲ್ಲಿ ಖುದ್ದು ಹಾಜರಿದ್ದುದು ಖಚಿತವಾಗಿದೆ. ಪಾಯಿಂಟ್ ಮಂಜೂರು."