ಗಾಜಿನಾಚೆಯ ಸಿದ್ದರಾಜು

ಹೆಡ್‌ಫೋನಿನಲ್ಲಿ ಆ ದನಿ ಕೇಳಿದ ಕೂಡಲೇ ಶಶಿರೇಖಾ ಕೈಯಲ್ಲಿದ್ದ ಹಾಳೆಗಳನ್ನು ಎದೆಗವಚಿಕೊಂಡಳು.

“ಮೇಡಂ, ಮೈಕಿಗೆ ಇನ್ನೊಸಿ ಹತ್ರ ಬನ್ನಿ.”

ಗಾಜಿನಾಚೆ ಸೌಂಡ್ ಮಿಕ್ಸರ್ ಮುಂದೆ ತಲೆ ತಗ್ಗಿಸಿ ಕೂತಿದ್ದವನು ಸಿದ್ದರಾಜು. ಮೈಸೂರಿನಲ್ಲಿ ಎಂ.ಮ್ಯೂಸಿಕ್ ಓದುವಾಗ ಎರಡು ವರ್ಷ ಅವಳ ಹಾಡಿಗೆ ಮೃದಂಗ ನುಡಿಸಿದವನು. ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೇಳದೆ ಕೇಳದೆ ತಪ್ಪಿಸಿಕೊಂಡವನು. ಆಮೇಲೆ ನಾಲ್ಕು ವರ್ಷ ಒಂದು ಫೋನೂ ಇಲ್ಲ.

“ಮೇಡಂ ಅಂತೆ,” ಎಂದಳು.

ಅವನು ತಲೆಯೆತ್ತಿದ. ನೋಡಿದ. ತಟ್ಟನೆ ಕಣ್ಣು ತಪ್ಪಿಸಿ ಯಾವುದೋ ಗುಂಡಿ ತಿರುಗಿಸತೊಡಗಿದ.

ಶಶಿರೇಖಾ ಪೂರಿಗಾಲಿಯವಳು. ಈಗ ಮದ್ದೂರಿನ ಖಾಸಗಿ ಶಾಲೆಯೊಂದರಲ್ಲಿ ಸಂಗೀತದ ಟೀಚರ್. ಬೆಳಗಿನ ಪ್ರಾರ್ಥನೆ ಹಾಡಿಸುವುದು, ಸ್ಕೂಲ್ ಡೇಗೆ ಮಕ್ಕಳನ್ನು ತಯಾರು ಮಾಡುವುದು, ಗಣಿತದವರು ರಜೆ ಹಾಕಿದರೆ ಆ ಕ್ಲಾಸನ್ನೂ ಕಾಯುವುದು. ಸಂಜೆ ಬಾಡಿಗೆ ಕೋಣೆಯಲ್ಲಿ ಮೊಬೈಲಿನ ಶ್ರುತಿ ಹಾಕಿಕೊಂಡು ಒಬ್ಬಳೇ ಹಾಡುತ್ತಾಳೆ. ತಪ್ಪಿದರೆ ಹೇಳುವವರಿಲ್ಲ, ಚೆನ್ನಾಗಿ ಬಂದರೆ ತಲೆದೂಗುವವರಿಲ್ಲ. ಎಷ್ಟೋ ಸಲ ಪಲ್ಲವಿಯ ನಡುವೆಯೇ ನಿಲ್ಲಿಸಿ ಎದ್ದು ಅನ್ನಕ್ಕಿಡುತ್ತಾಳೆ. ಇವತ್ತು ಎರಡನೇ ಕ್ಲಾಸಿನ ಪದ್ಯಗಳನ್ನು ರೆಕಾರ್ಡ್ ಮಾಡಿಸಿಕೊಂಡು ಬಾ ಎಂದು ಶಾಲೆಯವರು ಮಂಡ್ಯದ ಈ ಸ್ಟುಡಿಯೊಗೆ ಕಳಿಸಿದ್ದರು.

ಮೂರು ಪದ್ಯ ಮುಗಿದವು. “ಓಕೆ”, “ಇನ್ನೊಂದ್ ಸಲ” ಎನ್ನುವುದು ಬಿಟ್ಟರೆ ಅವನು ಬೇರೆ ಮಾತಾಡಲಿಲ್ಲ. ಆದರೆ ಅವಳು ಹಾಳೆಯತ್ತ ಬಗ್ಗಿದಾಗೆಲ್ಲ ಅವನ ನೋಟ ತನ್ನ ಮೇಲೆ ಬಂದು ಕೂರುವುದು ಅವಳಿಗೆ ತಿಳಿಯುತ್ತಿತ್ತು.

ನಾಲ್ಕನೆಯದನ್ನು ಹಾಡುತ್ತಾ ಹಾಡುತ್ತಾ ನಿಲ್ಲಿಸಿಬಿಟ್ಟಳು.

“ಪರೀಕ್ಷೆ ದಿನ ಯಾಕೆ ಬರ್ನಿಲ್ಲ?”

ಹೆಡ್‌ಫೋನಿನಲ್ಲಿ ಅವನ ದನಿ ಬಂತು. “ನೀನೇ ಬ್ಯಾಡ ಅಂದ್ಯಲ್ಲ.”

“ನಾನಾ?”

“ಪರೀಕ್ಷೆ ಮುಂಚಿನ್ ದಿನ ನೀನು ನಿನ್ ಗುರುಗ್ಳು ವನಜಾ ಮೇಡಂ ತಾವ ಏಳ್ತಿದ್ದೆ, ಸಿದ್ದರಾಜು ಬ್ಯಾಡ ಮೇಡಂ, ಅವನು ನುಡಿಸುದ್ರೆ ನಂಗೆ ತಪ್ಪೋಯ್ತದೆ ಅಂತ. ನಾನು ಬಾಗ್ಲಾಚೆ ನಿಂತಿದ್ದೆ ಕಣೆ. ನನ್ನಿಂದ ನಿನ್ ಪರೀಕ್ಷೆ ಕೆಡೋದು ಬ್ಯಾಡ ಅಂತ ಒಂಟೋದೆ. ಆಮೇಲೆ ಮೃದಂಗ ಮುಟ್ನಿಲ್ಲ. ಸೌಂಡ್ ಕೋರ್ಸ್ ಮಾಡ್ಕಂಡು ಇಲ್ಲಿ ಕೂತಿವ್ನಿ.”

ಶಶಿರೇಖಾ ಮೈಕಿಗೆ ಇನ್ನಷ್ಟು ಹತ್ತಿರ ಬಂದಳು.

“ಅಷ್ಟೇ ಕೇಳುಸ್ಕಂಡು ಒಂಟೋದ್ಯಾ? ಯಾಕೆ ತಪ್ಪೋಯ್ತದೆ ಅಂತ ಮೇಡಂ ಕೇಳುದ್ರು. ಅವನ್ ಮುಖ ನೋಡುದ್ರೆ ಸಾಹಿತ್ಯ ಮರ್ತೋಯ್ತದೆ ಅಂದೆ. ಅವ್ರು ನಕ್ಬುಟ್ಟು, ಕಣ್ ಮುಚ್ಕಂಡ್ ಆಡು ಓಗು ಅಂದ್ರು.” ಅವಳು ಉಸಿರೆಳೆದುಕೊಂಡಳು. “ಕಣ್ ಮುಚ್ಕಂಡೇ ಆಡ್ದೆ. ಕಣ್ ಬುಟ್ರೆ ನಿನ್ ಜಾಗ್ದಲ್ಲಿ ಬ್ಯಾರೆ ಯಾರೋ ಕೂತಿದ್ರು.”

ಆ ಸಣ್ಣ ಕೋಣೆಯಲ್ಲಿ ಹೊರಗಿನ ಸದ್ದು ಒಂದಿಷ್ಟೂ ಇರಲಿಲ್ಲ. ಅವಳಿಗೆ ತನ್ನ ಉಸಿರೇ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಸಿದ್ದರಾಜು ಎದ್ದು ಬಂದು ದಪ್ಪ ಬಾಗಿಲನ್ನು ತೆರೆದ. ಒಳಗೆ ಬರಲಿಲ್ಲ.

“ನಾಕ್ ವರ್ಷ ಕಣೆ,” ಎಂದ. ಅಂಗೈಯಿಂದ ಮುಖ ಒರೆಸಿಕೊಂಡ.

“ಪದ್ಯ ಮುಗ್ಸಣ. ಮಕ್ಳು ಕಾಯ್ತಾವೆ,” ಎಂದಳು ಅವಳು, ಕಣ್ಣೊತ್ತಿಕೊಳ್ಳುತ್ತಾ.

ಸಂಜೆ ಬಸ್ ಸ್ಟ್ಯಾಂಡಿನವರೆಗೂ ಅವನು ಜೊತೆಗೆ ನಡೆದು ಬಂದ. ಮದ್ದೂರಿನ ಬಸ್ಸು ಹೊರಡಲು ನಿಂತಿತ್ತು. ಅವಳಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅವನು ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡ. ಅವಳು ತನ್ನ ಕೈಯನ್ನು ಅದರ ಪಕ್ಕದಲ್ಲೇ ಇಟ್ಟಳು.

“ಮೃದಂಗ ಎಲ್ಲದೆ?”

“ದುದ್ದ ಊರ್ನ ಭಜನೆಯವ್ರಿಗೆ ಕೊಟ್ಬುಟ್ಟೆ. ವಾಪಸ್ ಕೇಳ್ಲಾ?”

“ಅದ್ನ ಆಮೇಲೆ ಕೇಳೀವಂತೆ. ಮೊದ್ಲು ಪೂರಿಗಾಲಿಗೆ ಬಂದು ನಮ್ಮವ್ವನ್ ತಾವ ನನ್ನ ಕೇಳು.”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಾಡಿತು. ಅವನು ಸರಳು ಬಿಡದೆ ಜೊತೆಗೆ ನಾಲ್ಕು ಹೆಜ್ಜೆ ಓಡಿದ.

“ಕೊಡಕಿಲ್ಲ ಅಂದ್ರೆ?”

“ಕೊಡೋ ಗಂಟ ಕೇಳು.”