ಎರೆಹುಳದ ಡಬ್ಬಿಯ ಲೈಟು

"ಬಿಗಿಯಾಗಿ ಹಿಡ್ಕೋ. ಹೆದರಬೇಡ, ನಾನಿಲ್ವಾ?" ಎಂದರು ಅಪ್ಪ.

ಈ ಮಾತನ್ನು ಮೆಣಸಿಗೆ ಹೇಳಿದ್ದರೆ ಎಲ್ಲವೂ ಸರಿಯಿರುತ್ತಿತ್ತು. ಆದರೆ ಡ್ರಿಲ್ ಮೆಷಿನ್ ಹಿಡಿದು ನಿಂತಿದ್ದವಳು ಪಾಪು. ಮೆಣಸು ಬಾಗಿಲಿಗೆ ಒರಗಿಕೊಂಡು, ಮುಖ ದಪ್ಪ ಮಾಡಿಕೊಂಡು ನೋಡುತ್ತಿದ್ದಳು.

ಮೆಣಸು ಅವಳ ನಿಜವಾದ ಹೆಸರೇನಲ್ಲ. ಕೋಪ ಸದಾ ಮೂಗಿನ ತುದಿಯಲ್ಲೇ ಇರುವುದರಿಂದ ಮನೆಯವರು ಹಾಗೆ ಕರೆಯುತ್ತಿದ್ದರು. ಪಾಪು ಅವಳ ಅತ್ತೆಯ ಮಗಳು. ನರ್ಸ್ ಆಗಿದ್ದ ಅತ್ತೆ ದೂರದ ಊರಿಗೆ ಒಂದು ವರ್ಷದ ಟ್ರೈನಿಂಗಿಗೆ ಹೋಗಿದ್ದರು. ಹಾಗಾಗಿ ಪಾಪು ಮೊನ್ನೆ ಮೊನ್ನೆ ಸೂಟ್‌ಕೇಸ್ ಸಮೇತ ಮಾವನ ಮನೆಗೆ ಬಂದಿದ್ದಳು. ಒಂಬತ್ತು ತುಂಬಿದ ಹುಡುಗಿಗೆ ಇನ್ನೂ ಪಾಪು ಅನ್ನುತ್ತಾರಲ್ಲ, ಇವಳಿಗೆ ನಾಚಿಕೆಯೂ ಆಗುವುದಿಲ್ಲವಲ್ಲ ಎಂದು ಮೆಣಸಿಗೆ ಆಶ್ಚರ್ಯ.

ಅಪ್ಪ ಫ್ರಿಜ್ ರಿಪೇರಿ ಮಾಡುವವರು. ಭಾನುವಾರ ಮನೆಯಲ್ಲೇ ಏನಾದರೊಂದು ಕೆಲಸ ಹಚ್ಚಿಕೊಳ್ಳುತ್ತಿದ್ದರು. ಆಗ ಸ್ಕ್ರೂಡ್ರೈವರ್ ಕೊಡುವುದು, ಟಾರ್ಚ್ ಹಿಡಿಯುವುದು, ಉರುಳಿಹೋದ ಸ್ಕ್ರೂ ಹುಡುಕುವುದು, ಎಲ್ಲ ಮೆಣಸಿನ ಪಾಲಿನ ಕೆಲಸ. ಡ್ರಿಲ್ ಮಾತ್ರ ಅವಳ ಕೈಗೆ ಬಂದಿರಲಿಲ್ಲ. ಕೇಳಿದಾಗಲೆಲ್ಲ ಅಪ್ಪ ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದರು. ಪಾಪುವಿಗೆ ಮಾತ್ರ ಬಂದ ಕೂಡಲೇ ಸಿಕ್ಕಿಬಿಟ್ಟಿತ್ತು.

ಅದೂ ಯಾವುದಕ್ಕೆ? ಎರೆಹುಳಕ್ಕೆ. ಪಾಪು ಬಂದಾಗಿನಿಂದ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ. ಹಳೇ ಶಾಲೆಯಲ್ಲಿ ಎರೆಹುಳದಿಂದ ಗೊಬ್ಬರ ಮಾಡುತ್ತಿದ್ದೆವು ಎಂದು ಒಂದು ಸಲ ಮೆಲ್ಲಗೆ ಅಂದಳು, ಅಷ್ಟೇ. ಅಪ್ಪ ಅಟ್ಟದ ಮೇಲಿದ್ದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಇಳಿಸಿಯೇಬಿಟ್ಟರು.

ಡಬ್ಬಿಗೂ ಮುಚ್ಚಳಕ್ಕೂ ಗಾಳಿಯಾಡಲು ಸಣ್ಣ ತೂತುಗಳಾದವು. ಅಮ್ಮ ಹಳೇ ಪೇಪರ್ ಹರಿದು ಕೊಟ್ಟರು. ಪಾಪು ಅದನ್ನು ನೀರಲ್ಲಿ ನೆನೆಸಿ, ಹಿಂಡಿ, ಉದುರು ಉದುರಾಗಿ ಹಾಸಿದಳು. ಮೇಲೆ ಒಂದು ಹಿಡಿ ಮಣ್ಣು, ತರಕಾರಿ ಸಿಪ್ಪೆ. ಕೊನೆಗೆ ನರ್ಸರಿಯಿಂದ ತಂದ ಪೊಟ್ಟಣ ಬಿಚ್ಚಿದಾಗ ಕೆಂಪು ಹುಳಗಳ ಮುದ್ದೆ ಮಿಸುಕಾಡಿತು. ಮೆಣಸು "ಛೀ" ಎಂದಳು. ಆದರೂ ಕಣ್ಣು ಮಾತ್ರ ಕೀಳಲಿಲ್ಲ.

ಡಬ್ಬಿ ಅಡುಗೆಮನೆಯ ಹಿಂದೆ, ವಾಷಿಂಗ್ ಮೆಷಿನ್ ಪಕ್ಕದಲ್ಲಿ ಕೂತಿತು. ಅಪ್ಪ ಒಂದು ಎಚ್ಚರಿಕೆ ಹೇಳಿದರು. ಹೊಸ ಜಾಗಕ್ಕೆ ಬಂದ ಹುಳಗಳು ಕತ್ತಲಾದ ಮೇಲೆ ತಪ್ಪಿಸಿಕೊಳ್ಳಲು ನೋಡುತ್ತವೆ. ಬೆಳಕಿದ್ದರೆ ಹೆದರಿ ಒಳಗೇ ಇರುತ್ತವೆ. ಅದಕ್ಕೆ ಅವು ಹೊಂದಿಕೊಳ್ಳುವ ತನಕ ರಾತ್ರಿ ಅಲ್ಲಿ ಲೈಟ್ ಉರಿಯುತ್ತಿರಬೇಕು.

"ಲೈಟಿನ ಡ್ಯೂಟಿ ಪಾಪುದು. ನಮ್ಮ ಪಾಪು ಯಾವುದನ್ನೂ ಮರೆಯಲ್ಲ," ಎಂದರು ಅಪ್ಪ.

ನಮ್ಮ ಪಾಪು ಅಂತೆ. ಮೆಣಸಿಗೆ ಮೈಯೆಲ್ಲ ಉರಿಯಿತು. ಊಟ ಸೇರಲಿಲ್ಲ. ಅಪ್ಪ ಒಂದೇ ಒಂದು ಸಲ ಪಾಪುವಿಗೆ ಬೈಯಬೇಕು, ತನಗೆ ಬೈಯುವ ಹಾಗೆ ಜೋರಾಗಿ ಬೈಯಬೇಕು, ಅಷ್ಟಾದರೆ ಸಾಕು ಅನ್ನಿಸಿತು. ಪಾಪು ಲೈಟ್ ಹಾಕಿ ಮಲಗಲು ಹೋದಳು. ಮೆಣಸು ನೀರು ಕುಡಿಯುವ ನೆಪ ಮಾಡಿಕೊಂಡು ಹೋಗಿ ಸ್ವಿಚ್ ಒತ್ತಿ ಬಂದಳು.

ಬೆಳಿಗ್ಗೆ ಎದ್ದಾಗ ಪಕ್ಕದ ಹಾಸಿಗೆ ಖಾಲಿಯಿತ್ತು. ಪಾಪು ವಾಷಿಂಗ್ ಮೆಷಿನ್ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ನೆಲದ ತುಂಬ ಹುಳಗಳು. ಕೆಲವು ಇನ್ನೂ ತೆವಳುತ್ತಿದ್ದವು, ಕೆಲವು ಒಣಗಿ ದಾರದ ತುಂಡಿನ ಹಾಗೆ ಅಂಟಿಕೊಂಡಿದ್ದವು. ಪಾಪು ಕೈ ಒದ್ದೆ ಮಾಡಿಕೊಂಡು ಜೀವ ಇದ್ದವನ್ನು ಆರಿಸಿ ಡಬ್ಬಿಗೆ ಬಿಡುತ್ತಿದ್ದಳು.

"ಲೈಟ್ ಹಾಕಿದ್ದೆ ಅಂತ ನೆನಪು. ಇಲ್ಲ, ಮರೆತೇಬಿಟ್ಟಿರ್ತೀನಿ," ಎಂದಳು, ತಲೆ ಎತ್ತದೆ. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಮಾವಂಗೆ ಕೋಪ ಬಂದ್ರೆ ನನ್ನ ಹಾಸ್ಟೆಲಿಗೆ ಕಳಿಸ್ತಾರಾ?"

ಹಿಂದೊಮ್ಮೆ ಮೆಣಸು ಅಪ್ಪನ ಕರೆಂಟ್ ಟೆಸ್ಟರನ್ನು ಬಿಚ್ಚಿ ಹಾಳುಮಾಡಿದ್ದಳು. ಅಪ್ಪ ಸೂರು ಹಾರಿಹೋಗುವಂತೆ ಕೂಗಾಡಿದ್ದರು. ಅವಳೂ ಬಾಗಿಲು ದಢಾರನೆ ಹಾಕಿಕೊಂಡಿದ್ದಳು. ಆದರೆ ತನ್ನನ್ನು ಎಲ್ಲಿಗಾದರೂ ಕಳಿಸಿಬಿಟ್ಟಾರು ಎಂಬ ಯೋಚನೆ ಅವಳಿಗೆ ಕನಸಲ್ಲೂ ಬಂದಿರಲಿಲ್ಲ. ಪಾಪು ಇಲ್ಲಿಗೆ ಬಂದಾಗಿನಿಂದ ದಿನವೂ ಅದನ್ನೇ ಯೋಚಿಸುತ್ತಿದ್ದಾಳೇನೋ.

ಅಷ್ಟರಲ್ಲಿ ಅಪ್ಪ ಬಂದರು. ನೆಲ ನೋಡಿದರು, ಸ್ವಿಚ್ ನೋಡಿದರು.

"ಲೈಟ್ ಆರಿಸಿದ್ದು ಯಾರು?"

ಪಾಪು ಬಾಯಿ ತೆರೆದಳು.

"ನಾನು. ಬೇಕು ಅಂತಾನೇ ಆರಿಸಿದೆ," ಎಂದುಬಿಟ್ಟಳು ಮೆಣಸು.

ಅಪ್ಪ ಚೆನ್ನಾಗಿಯೇ ಬೈದರು. ಜೀವ ಇರುವವುಗಳ ಮೇಲೆ ನಿನ್ನ ಕೋಪ ತೋರಿಸುತ್ತೀಯಾ ಎಂದು ಕೇಳಿದಾಗ ಮೆಣಸು ನೆಲಕ್ಕೆ ಅಂಟಿದ್ದ ಒಣ ಹುಳಗಳನ್ನೇ ನೋಡಿದಳು. ಪಾಪುವೋ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಬೈಗುಳವೆಲ್ಲ ಅವಳ ಮೇಲೆಯೇ ಬೀಳುತ್ತಿರುವಂತಿತ್ತು ಅವಳ ಮುಖ.

ಅಪ್ಪ ಒಳಗೆ ಹೋದರು. ಮೆಣಸು ಕಣ್ಣು ಒರೆಸಿಕೊಂಡು ಕೆಳಗೆ ಕೂತಳು. ಕೈ ಒದ್ದೆ ಮಾಡಿಕೊಂಡು ಒಂದು ಹುಳ ಎತ್ತಿದಳು. ತಣ್ಣಗಿತ್ತು, ಬೆರಳಿನ ನಡುವೆ ಕಚಗುಳಿ ಇಟ್ಟಿತು.

"ನಿನ್ನ ಈಗ ಏನು ಮಾಡ್ತಾರೆ?" ಪಾಪು ಪಿಸುಗುಟ್ಟಿದಳು.

"ಏನೂ ಮಾಡಲ್ಲ. ಸ್ವಲ್ಪ ಹೊತ್ತು ಮುಖ ಊದಿಸ್ಕೊಂಡು ಓಡಾಡ್ತಾರೆ. ಆಮೇಲೆ ತಿಂಡಿಗೆ ಕರೀತಾರೆ."

"ಅಷ್ಟೇನಾ?"

"ಅಷ್ಟೇ."

ಪಾಪು ಪೂರ್ತಿ ನಂಬಿದಂತೆ ಕಾಣಲಿಲ್ಲ. ಇಬ್ಬರೂ ಸೇರಿ ಉಳಿದ ಹುಳ ಆರಿಸಿದರು. ಕೊನೆಗೆ ಒಳಗಿನಿಂದ ಅಪ್ಪನ ದನಿ ಬಂತು, ಇನ್ನೂ ಸ್ವಲ್ಪ ಬಿಗಿಯಾಗಿಯೇ ಇತ್ತು.

"ಇಬ್ರೂ ಕೈ ತೊಳ್ಕೊಂಡು ತಿಂಡಿಗೆ ಬನ್ನಿ."

ಮೆಣಸು ಎದ್ದಳು. ಪಾಪು ಏಳಲಿಲ್ಲ. ಮೆಣಸಿನ ಮುಖವನ್ನೇ ನೋಡುತ್ತಾ ಕೂತಿದ್ದಳು.

"ಕೇಳಿಸ್ತಾ?" ಎಂದಳು ಮೆಣಸು. "ಇಬ್ರೂ ಅಂದ್ರು."

ಹಾಗನ್ನುವಾಗ ಹೊಟ್ಟೆಯಲ್ಲಿ ಇನ್ನೂ ಒಂದು ಚೂರು ಉರಿಯಿತು. ಆದರೂ ಅವಳು ಪಾಪುವಿನ ಮಣ್ಣು ಮೆತ್ತಿದ ಕೈ ಹಿಡಿದು ಎಬ್ಬಿಸಿದಳು. ನಲ್ಲಿಯ ಹತ್ತಿರ ಹೋಗಿ, ಸೋಪನ್ನು ಮೊದಲು ಅವಳ ಕೈಗೇ ಕೊಟ್ಟಳು.